ಹೊಟ್ಟೆ ಇಳಿದರೆ ಎದೆಯುರಿಯೂ ಇಳಿಯುತ್ತದೆ: ಎಲ್ಲಿಂದ ಶುರು ಮಾಡುವುದು?

ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ಹುಳಿ ತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಅಂದರೆ ಸಾಕು, ಯಾವುದು ಅಂತ ಅಂಗಡಿಯವನೂ ಕೇಳುವುದಿಲ್ಲ. ನಾನೂ ಹಾಗೆ ಕೇಳಿ ತಂದವನೇ. ಡೆಸ್ಕಿನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆ ಸೇರುವಾಗ ಹನ್ನೆರಡೂವರೆ. ಮುಚ್ಚಿಟ್ಟ ಅನ್ನ, ಹುಳಿ, ಮೊಸರು ಬಡಿಸಿಕೊಂಡು ಹೊಟ್ಟೆ ಬಿರಿಯ ಉಂಡು ಹಾಗೇ ಉರುಳಿಕೊಳ್ಳುವುದು. ಎರಡು ಗಂಟೆಗೆಲ್ಲ ಗಂಟಲಿಗೆ ಹುಳಿ ನೀರು ನುಗ್ಗಿ, ಕೆಮ್ಮುತ್ತಾ ಎದ್ದು ಕೂರುವುದು. ಆಗ ನನ್ನ ತೂಕ 79 ಕಿಲೊ, ಎತ್ತರ 5 ಅಡಿ 5 ಇಂಚು. ಡಾಕ್ಟರು ಮಾತ್ರೆ ಬರೆದು, ಚೀಟಿಯ ಕೊನೆಗೆ ‘ತೂಕ ಇಳಿಸಿ’ ಅಂತ ಗೀಚಿದ್ದರು. ಹೇಗೆ ಅಂತ ಬರೆದಿರಲಿಲ್ಲ.

ಸಾಂಬಾರಿನ ಕವರಿನ ಗಂಟು

ಹೋಟೆಲಿನಿಂದ ಇಡ್ಲಿ ಪಾರ್ಸಲ್ ತರುವಾಗ ಸಾಂಬಾರನ್ನು ಕವರಿಗೆ ಸುರಿದು, ಬಾಯಿಗೆ ದಾರ ಸುತ್ತಿ ಕೊಡುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ನೆಟ್ಟಗೆ ಹಿಡಿದುಕೊಂಡು ಬಂದರೆ ಒಂದು ತೊಟ್ಟೂ ಚೆಲ್ಲುವುದಿಲ್ಲ. ಅದೇ ಕವರನ್ನು ಬ್ಯಾಗಿನಲ್ಲಿ ಅಡ್ಡ ಮಲಗಿಸಿ, ಮೇಲೆ ಎರಡು ಕಿಲೊ ಈರುಳ್ಳಿ ಹೇರಿ. ಮನೆಗೆ ಬಂದು ನೋಡಿದರೆ ಗಂಟು ಬಿಚ್ಚಿರುವುದಿಲ್ಲ, ಆದರೆ ಬ್ಯಾಗೆಲ್ಲ ಸಾಂಬಾರು.

ನಮ್ಮ ಜಠರದ ಕಥೆಯೂ ಇಷ್ಟೇ. ಅನ್ನನಾಳ ಬಂದು ಜಠರಕ್ಕೆ ಸೇರುವ ಕಡೆ ಮೂರು-ನಾಲ್ಕು ಸೆಂಟಿಮೀಟರ್ ಉದ್ದದ ಸ್ನಾಯು ಬಳೆಯ ಹಾಗೆ ಸುತ್ತಿಕೊಂಡಿದೆ. ನುಂಗುವಾಗ ಸಡಿಲ, ಮಿಕ್ಕ ಹೊತ್ತು ಬಿಗಿ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಹೊರಗಿನಿಂದ ಅದಕ್ಕೆ ಆಸರೆ. ಸೊಂಟದ ಸುತ್ತ ಬೆಳೆದ ಹೊಟ್ಟೆ ಬ್ಯಾಗಿನೊಳಗಿನ ಈರುಳ್ಳಿಯ ಹಾಗೆ. ಚಿವುಟಿದರೆ ಕೈಗೆ ಸಿಗುವ ಕೊಬ್ಬಿಗಿಂತ ಒಳಗೆ ಕರುಳಿನ ಸುತ್ತ ಕೂತ ಕೊಬ್ಬಿನದೇ ಒತ್ತಡ ಜಾಸ್ತಿ. ಒತ್ತಡ ಏರಿದ ಹಾಗೆ ಆ ಸ್ನಾಯು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾಗುವುದು ಹೆಚ್ಚುತ್ತದೆ. ಕೆಲವರಲ್ಲಿ ಜಠರದ ಮೇಲ್ಭಾಗ ವಪೆಯ ತೂತಿನಿಂದ ಎದೆಯ ಕಡೆಗೆ ಜಾರಿಬಿಡುತ್ತದೆ. ಅದಕ್ಕೆ ಹಯಾಟಸ್ ಹರ್ನಿಯಾ ಅನ್ನುತ್ತಾರೆ. ಮಾತ್ರೆ ಸಾಂಬಾರಿನ ಹುಳಿ ಕಡಿಮೆ ಮಾಡುತ್ತದೆ, ಅಷ್ಟೇ. ಮೇಲಿನ ಈರುಳ್ಳಿ ಇಳಿಸುವುದಿಲ್ಲ.

ಇಳಿಸಿದರೆ ನಿಜಕ್ಕೂ ಗುಣ ಕಾಣುತ್ತದಾ? ಅಮೆರಿಕದ ಸುಮಾರು 10,500 ನರ್ಸ್‌ಗಳ ಮೇಲಿನ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, 3.5 ಅಂಕಕ್ಕಿಂತ ಜಾಸ್ತಿ ಇಳಿದವರಲ್ಲಿ ಪದೇ ಪದೇ ಎದೆಯುರಿ ಬರುವ ಸಂಭವ, ತೂಕ ಬದಲಾಗದವರಿಗಿಂತ ಸುಮಾರು 40 ಶೇಕಡ ಕಡಿಮೆ ಇತ್ತು. ನನ್ನ ಎತ್ತರದವರಿಗೆ 3.5 ಅಂಕ ಅಂದರೆ ಸುಮಾರು ಒಂಬತ್ತೂವರೆ ಕಿಲೊ. 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 332 ಜನ ಆರು ತಿಂಗಳಲ್ಲಿ ಸರಾಸರಿ 13 ಕಿಲೊ ಇಳಿದರು. ಶುರುವಿನಲ್ಲಿ ಅವರಲ್ಲಿ 37 ಶೇಕಡ ಮಂದಿಗೆ ಈ ತೊಂದರೆ ಇತ್ತು, ಕೊನೆಗೆ 15 ಶೇಕಡಕ್ಕೆ ಬಂತು. ಎಲ್ಲರಿಗೂ ಹೋಗಲಿಲ್ಲ ಅನ್ನುವುದನ್ನೂ ಗಮನಿಸಿ. ತೆಳ್ಳಗಿರುವವರಿಗೂ ಎದೆಯುರಿ ಬರುತ್ತದೆ, ಅವರು ಇನ್ನೂ ತೂಕ ಇಳಿಸಿ ಪ್ರಯೋಜನವಿಲ್ಲ. ಬಸುರಿಯರಂತೂ ಈ ಕಡೆ ತಲೆಯೇ ಹಾಕಬಾರದು.

ಮೊದಲು, ಇದು ಎದೆಯುರಿಯೇ ಹೌದಾ?

ಎದೆ ಬಿಗಿಹಿಡಿದು, ಬೆವರು ಕಿತ್ತುಕೊಂಡು, ನೋವು ಎಡಗೈಗೋ ದವಡೆಗೋ ಹರಿದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೃದಯಾಘಾತವನ್ನು ‘ಗ್ಯಾಸ್ಟ್ರಿಕ್’ ಅಂದುಕೊಂಡು ಸೋಡಾ ಕುಡಿದು ಮಲಗುವ ಅಭ್ಯಾಸ ನಮ್ಮಲ್ಲಿ ಬಹಳ. ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಳ್ಳುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತ ಕಡಿಮೆಯಾಗುವುದು, ಪ್ರಯತ್ನವೇ ಇಲ್ಲದೆ ತೂಕ ಇಳಿಯುವುದು – ಇವುಗಳಲ್ಲಿ ಒಂದಿದ್ದರೂ ಈ ಲೇಖನ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ.

ಟೇಪು, ಕ್ಯಾಲೆಂಡರು

ತೂಕದ ಯಂತ್ರಕ್ಕಿಂತ ಮೊದಲು ಟೈಲರ್ ಟೇಪು ತೆಗೆದುಕೊಳ್ಳಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪು ಸುತ್ತಿ. ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ನೋಡುವವರು ಯಾರೂ ಇಲ್ಲ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ ಅಂತ ಲೆಕ್ಕ. ಬಿಎಂಐ ನೋಡುವುದಾದರೆ, ಕಿಲೊ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿ. 23 ದಾಟಿದರೆ ನಮಗೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ನನ್ನದು 29 ಇತ್ತು.

ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಸಾಕು. ಉರಿ ಬಂದ ದಿನದ ಚೌಕದಲ್ಲಿ ‘ಉ’ ಅಂತ ಬರೆಯಿರಿ. ಪಕ್ಕದಲ್ಲಿ ರಾತ್ರಿ ಉಂಡ ಗಂಟೆ. ಭಾನುವಾರ ಬೆಳಿಗ್ಗೆ ತೂಕ. ಎರಡು ವಾರ ಏನೂ ಬದಲಾಯಿಸದೆ ಇಷ್ಟು ಮಾತ್ರ ಮಾಡಿ. ನನ್ನ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನಕ್ಕೆ ಒಂಬತ್ತು ‘ಉ’ ಬಿದ್ದವು. ವಾರದ ರಜೆಯ ದಿನ, ಅಂದರೆ ಎಂಟು ಗಂಟೆಗೇ ಉಂಡ ದಿನ, ಒಂದೂ ಇರಲಿಲ್ಲ.

ರಾತ್ರಿ ಊಟ

ಒಂದೇ ಒಂದು ಬದಲಾವಣೆ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ತೂಕಕ್ಕೂ ಇದೇ, ಉರಿಗೂ ಇದೇ. ಮಲಗುವ ಹೊತ್ತಿಗೂ ಕೊನೆಯ ತುತ್ತಿಗೂ ಮೂರು ಗಂಟೆ ಅಂತರ ಬೇಕು. ಜಠರ ತುಂಬಿರುವಾಗ ಆ ಸ್ನಾಯು ಸಡಿಲಾಗುವುದು ಜಾಸ್ತಿ. ಅದರ ಮೇಲೆ ಅಡ್ಡ ಮಲಗಿದರೆ ಕವರನ್ನು ಮಲಗಿಸಿದ ಹಾಗೆ.

ಪಾಳಿ ಕೆಲಸದವರು ಏನು ಮಾಡುವುದು? ನಾನು ಡಬ್ಬಿ ಒಯ್ಯಲು ಶುರು ಮಾಡಿದೆ. ಎಂಟೂವರೆಗೆ ಆಫೀಸಿನಲ್ಲೇ ಊಟ. ‘ಏನ್ ಸಾರ್, ಸ್ಕೂಲ್ ಹುಡುಗನ ಥರ’ ಅಂತ ಒಂದು ವಾರ ನಕ್ಕರು, ಆಮೇಲೆ ಇನ್ನಿಬ್ಬರು ಡಬ್ಬಿ ತಂದರು. ಮನೆಗೆ ಬಂದಾಗ ಹಸಿವಾದರೆ ಒಂದು ಬಾಳೆಹಣ್ಣು, ಅಷ್ಟೇ. ಹತ್ತು ಗಂಟೆಯ ಕಾಫಿಯನ್ನೂ ಬಿಟ್ಟೆ. ಅದು ಊಟ ಬದಲಾಯಿಸಿದ್ದಕ್ಕಿಂತ ಕಷ್ಟವಾಯಿತು.

ಇನ್ನು ಎಷ್ಟು ತಿನ್ನುವುದು. ನಮ್ಮ ಅನ್ನದೂಟ ಮೂರು ಸುತ್ತು: ಹುಳಿ ಅನ್ನ, ಸಾರನ್ನ, ಮೊಸರನ್ನ. ರಾತ್ರಿ ಒಂದು ಸುತ್ತು ಬಿಡಿ. ಬಿಟ್ಟ ಜಾಗಕ್ಕೆ ಪಲ್ಯವೋ ಕೋಸಂಬರಿಯೋ ಬರಲಿ. ಅನ್ನದ ಬದಲು ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಅನ್ನುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ವ್ಯತ್ಯಾಸ ಅಂಥದ್ದೇನೂ ಅಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಅದು ಲಾಭವೇ. ಆದರೆ ಎರಡು ಮುದ್ದೆ ಎರಡು ಮುದ್ದೆಯೇ.

ಎಣ್ಣೆ ಡಬ್ಬ

ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 33 ಮಿಲಿಲೀಟರ್, ಅಂದರೆ 270 ಕ್ಯಾಲೊರಿ. ಹೊರಗಿನ ಬಜ್ಜಿ, ಮಿಕ್ಸ್ಚರ್ ಇದರಲ್ಲಿ ಸೇರಿಲ್ಲ. ಎರಡೂವರೆ ಲೀಟರಿಗೆ ಇಳಿಸಿದರೆ ಪ್ರತಿಯೊಬ್ಬರಿಗೂ ದಿನಕ್ಕೆ ನೂರು ಕ್ಯಾಲೊರಿ ಉಳಿಯುತ್ತದೆ, ಯಾರೂ ಒಂದು ತುತ್ತೂ ಕಡಿಮೆ ತಿನ್ನಬೇಕಿಲ್ಲ. ಜಿಡ್ಡು ತಿಂಡಿ ಜಠರದಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಹಾಗಾಗಿ ಉರಿಗೂ ಅದು ಕಾರಣ. ತಿಂಗಳ ಮೊದಲನೇ ತಾರೀಕು ಎಣ್ಣೆಯನ್ನು ಅಳೆದು ಬೇರೆ ಡಬ್ಬಕ್ಕೆ ಸುರಿದಿಡಿ. ಕಣ್ಣಳತೆ ನಂಬಬೇಡಿ.

ಹೀಗೆ ಹೋದರೆ ವಾರಕ್ಕೆ ಅರ್ಧ ಕಿಲೊ ಇಳಿಯಬಹುದು. ಸಾಕು. ಅವಸರದಲ್ಲಿ ತೂಕ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಆ ನೋವೂ ಹೊಟ್ಟೆಯ ಮೇಲುಗಡೆಯೇ ಬರುತ್ತದೆ, ಅದಕ್ಕೂ ನಾವು ಗ್ಯಾಸ್ಟ್ರಿಕ್ ಅಂತಲೇ ಹೆಸರಿಡುತ್ತೇವೆ.

ತೂಕ ಇಳಿದು ಉರಿ ಏರುವ ದಾರಿಗಳು

ಇಲ್ಲಿ ನಾನೂ ಎಡವಿದ್ದೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ. ಮೂರೇ ದಿನಕ್ಕೆ ಹಗಲೂ ಉರಿ ಶುರುವಾಯಿತು. ಆಪಲ್ ಸೈಡರ್ ವಿನಿಗರ್ ಕೂಡ ಹುಳಿಯೇ. ಉರಿಯುವ ಅನ್ನನಾಳಕ್ಕೆ ಅದನ್ನು ಸುರಿಯುವುದು ಯಾಕೆ?

ಒಪ್ಪತ್ತು ಮಾಡುವವರದು ಇನ್ನೊಂದು ಬಗೆ. ಒಪ್ಪತ್ತಿನಲ್ಲಿ ತಪ್ಪಿಲ್ಲ, ರಾತ್ರಿಯ ‘ಫಲಾಹಾರ’ದಲ್ಲಿದೆ. ಅನ್ನ ಮುಟ್ಟುವುದಿಲ್ಲ, ನಿಜ. ಆದರೆ ತುಪ್ಪ ಸುರಿದ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಎರಡು ಬಾಳೆಹಣ್ಣು, ಮೇಲೊಂದು ಲೋಟ ಹಾಲು ಸೇರಿದರೆ ಎರಡು ಊಟದ ಲೆಕ್ಕ. ದಿನವಿಡೀ ಹಸಿದು ರಾತ್ರಿ ಒಂದೇ ಸಲ ತುಂಬಿಕೊಂಡರೆ ಜಠರ ಉಬ್ಬುತ್ತದೆ. ಉಪವಾಸ ಮಾಡಲೇಬೇಕು ಅಂದರೆ ಮಧ್ಯಾಹ್ನ ಚೆನ್ನಾಗಿ ಉಂಡು ರಾತ್ರಿ ಹಗುರಾಗಿರಿ. ಬೆಣ್ಣೆ-ಚೀಸು ಜಾಸ್ತಿ ಇರುವ ಕೀಟೊ ಊಟವೂ ಕೆಲವರಿಗೆ ಉರಿ ತರುತ್ತದೆ.

ವ್ಯಾಯಾಮಕ್ಕೆ ನಡಿಗೆಯೇ ಮೇಲು. ವಾರಕ್ಕೆ ಐದು ದಿನ, ಅರ್ಧ ಗಂಟೆ, ಮಾತಾಡಬಹುದು ಆದರೆ ಹಾಡಲು ಆಗದು ಅನ್ನುವಷ್ಟು ವೇಗ. ತಿಂದ ಎರಡು ಗಂಟೆಯೊಳಗೆ ಸೂರ್ಯನಮಸ್ಕಾರ, ಕಪಾಲಭಾತಿ, ಹೊಟ್ಟೆ ಮಡಚುವ ಕ್ರಂಚಸ್ ಬೇಡ. ತಿಂಡಿ ತಿಂದ ತಕ್ಷಣ ಬಗ್ಗಿ ನೆಲ ಒರೆಸುವುದು, ಬಟ್ಟೆ ಒಗೆಯುವುದು ಕೂಡ ಅದೇ ಕೆಲಸ ಮಾಡುತ್ತದೆ. ಊಟವಾದ ಮೇಲೆ ನಿಧಾನ ನೂರು ಹೆಜ್ಜೆ ಹಾಕುವುದಕ್ಕೆ ಅಡ್ಡಿಯಿಲ್ಲ, ಹಿರಿಯರು ಹೇಳಿದ್ದು ಸರಿಯಾಗಿಯೇ ಇದೆ.

ತೂಕ ಇಳಿಯುವ ತನಕ

ನಾಲ್ಕೈದು ಕಿಲೊ ಇಳಿಯಲು ಎರಡು ತಿಂಗಳು ಬೇಕು. ಅಲ್ಲಿಯವರೆಗೆ ರಾತ್ರಿ ನಿದ್ದೆ ಬೇಕಲ್ವಾ? ಮಂಚದ ತಲೆಗಡೆಯ ಎರಡು ಕಾಲಿಗೆ ಆರರಿಂದ ಎಂಟು ಇಂಚು ಎತ್ತರದ ಮರದ ತುಂಡು ಇಡಿ. ಎರಡು ದಿಂಬು ಹಾಕಿಕೊಂಡರೆ ಅದೇ ಆಯಿತು ಅಂದುಕೊಳ್ಳಬೇಡಿ. ದಿಂಬು ತಲೆಯನ್ನಷ್ಟೇ ಎತ್ತುತ್ತದೆ, ಮೈ ನಡುವಿಗೆ ಮಡಚಿ ಹೊಟ್ಟೆ ಇನ್ನೂ ಅದುಮಿಕೊಳ್ಳುತ್ತದೆ. ನೆಲದ ಮೇಲೆ ಮಲಗುವವರು ಸೊಂಟದಿಂದ ಮೇಲಕ್ಕೆ ಇಳಿಜಾರಾಗುವಂತೆ ಹಾಸಿಗೆಯ ಕೆಳಗೆ ಜಮಖಾನ ಮಡಚಿ ಇಡಬಹುದು. ಎಡ ಮಗ್ಗುಲಿಗೆ ಮಲಗಿದರೆ ಅನ್ನನಾಳದ ಬಾಯಿ ಆಮ್ಲದ ಮಟ್ಟಕ್ಕಿಂತ ಮೇಲಿರುತ್ತದೆ. ವಾಮಕುಕ್ಷಿಯವರು ಮಗ್ಗುಲನ್ನು ಸರಿಯಾಗೇ ಆರಿಸಿದ್ದರು. ಉಂಡ ಕೂಡಲೇ ಮಲಗುತ್ತಿದ್ದುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಬೆಲ್ಟು ಒಂದು ತೂತು ಸಡಿಲಿಸಿ. ಸೀರೆ ಉಡುವವರು ಲಂಗದ ಲಾಡಿಯನ್ನು ಒಂದು ಬೆರಳು ಆಡುವಷ್ಟು ಸಡಿಲ ಕಟ್ಟಿ.

ಮಾತ್ರೆ, ಸೂಜಿ, ಆಪರೇಷನ್

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆಯನ್ನು ಸಾಮಾನ್ಯವಾಗಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ತಿಂಡಿ ತಿಂದು ನುಂಗಿ ‘ಕೆಲಸ ಮಾಡ್ತಿಲ್ಲ’ ಅನ್ನುವವರೇ ಹೆಚ್ಚು. ತೂಕ ಇಳಿಯಿತು ಅಂತ ಒಂದೇ ದಿನಕ್ಕೆ ನಿಲ್ಲಿಸಲೂ ಬೇಡಿ. ತಿಂಗಳುಗಟ್ಟಲೆ ನುಂಗಿದವರು ತಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಜಾಸ್ತಿ ಸುರಿಯಬಹುದು. ಆಗ ‘ನನಗೆ ಮಾತ್ರೆಯೇ ಗತಿ’ ಅಂತ ತಪ್ಪು ತಿಳಿಯುತ್ತೀರಿ. ಡಾಕ್ಟರನ್ನು ಕೇಳಿ ಹಂತ ಹಂತವಾಗಿ ಕಡಿಮೆ ಮಾಡಿ.

ತೂಕ ಇಳಿಸುವ ಸೂಜಿಯ ಮಾತು ಈಗ ಎಲ್ಲೆಡೆ. ಸೆಮಾಗ್ಲುಟೈಡ್ ಗುಂಪಿನ ಔಷಧಗಳು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಹಾಗಾಗಿ ಶುರುವಿನಲ್ಲಿ ಕೆಲವರಿಗೆ ಹುಳಿ ತೇಗು ಹೆಚ್ಚಬಹುದು. ತೂಕ ಇಳಿಸುವ ಆಪರೇಷನ್ ಯೋಚನೆ ಇದ್ದವರು ಉರಿಯ ವಿಷಯವನ್ನು ಸರ್ಜನ್‌ಗೆ ಮೊದಲೇ ಹೇಳಿ. ಜಠರವನ್ನು ಕೊಳವೆಯಂತೆ ಕತ್ತರಿಸುವ ಸ್ಲೀವ್ ವಿಧಾನದಲ್ಲಿ ತೂಕ ಇಳಿದರೂ ಉರಿ ಹೆಚ್ಚುವುದುಂಟು. ಜಠರದ ಬೈಪಾಸ್ ವಿಧಾನದಲ್ಲಿ ಸಾಮಾನ್ಯವಾಗಿ ಅದು ತಗ್ಗುತ್ತದೆ.

ನಾನು 70ಕ್ಕೆ ಬರಲು ಆರು ತಿಂಗಳು ಹಿಡಿಯಿತು. ಮಾತ್ರೆ ಬಿಡಲು ಇನ್ನೂ ಆರು ವಾರ: ಮೊದಲು ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಂದು. ನಡುವೆ ನೆಂಟರ ಮದುವೆಯಲ್ಲಿ ಕೊನೇ ಪಂಕ್ತಿಗೆ ಕೂತೆ. ಹೋಳಿಗೆ ಎರಡಾದವು, ತುಪ್ಪ ಬೇರೆ. ಕ್ಯಾಲೆಂಡರಿನ ಆ ಚೌಕದಲ್ಲಿ ದಪ್ಪಗೆ ಒಂದು ‘ಉ’ ಇದೆ.