ಹೊಸ ಕೀಬೋರ್ಡ್ ತರುವ ಮುಂಚೆ ಗಡಿಯಾರ ನೋಡಿ

ಮಂಡ್ಯದಲ್ಲಿ ಕೋರ್ಟ್ ಹತ್ತಿರದ ಗಲ್ಲಿಯಲ್ಲಿ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್, ಪಹಣಿ ಪ್ರಿಂಟು, ಎಲ್ಲಾ ನಡೆಯುವುದು ಒಂದೇ ಹಳೇ ಡೆಸ್ಕ್‌ಟಾಪ್ ಮೇಲೆ. ಒಂದು ಸೋಮವಾರ ಬೆಳಿಗ್ಗೆ ಆನ್ ಮಾಡಿದೆ. ಕಪ್ಪು ಪರದೆ, ಬಿಳಿ ಅಕ್ಷರ. ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ ಅಂತ ಬರೆದಿತ್ತು. ಒತ್ತಿದೆ, ಏನೂ ಆಗಲಿಲ್ಲ. ನಮ್ ಲಾಕ್ ಒತ್ತಿದರೆ ಅದರ ಲೈಟೂ ಹತ್ತಲಿಲ್ಲ.

ಬಸರಾಳು ಕಡೆಯ ಅಜ್ಜ ಒಬ್ಬರು ಪಹಣಿಗೆ ಬಂದು ಬೆಂಚಿನ ಮೇಲೆ ಕೂತಿದ್ದರು. "ಯಾಕಪ್ಪಾ, ಕರೆಂಟ್ ಹೋಯ್ತಾ?" ಅಂದರು. "ಇಲ್ಲ ಕಣಜ್ಜ, ಕೀಬೋರ್ಡ್ ಕೆಟ್ಟೋಗಿದೆ" ಅಂದೆ. ಅವರಿಗೆ ಹನ್ನೊಂದು ಗಂಟೆ ಬಸ್ಸು ಹಿಡಿಯಬೇಕಿತ್ತು, ಪಕ್ಕದ ಅಂಗಡಿಗೆ ಕಳಿಸಿಕೊಟ್ಟೆ. ಹಾಗೆ ಕಳಿಸುವಾಗ ನಿಜವಾಗಲೂ ಬೇಜಾರಾಯಿತು.

ನಾನು ಅಂದದ್ದು ತಪ್ಪಾಗಿತ್ತು. ಕೀಬೋರ್ಡ್ ಕೆಟ್ಟಿರಲಿಲ್ಲ. ಅದು ಗೊತ್ತಾಗುವ ಮುಂಚೆಯೇ 450 ರೂಪಾಯಿ ಕೊಟ್ಟು ಹೊಸದು ತಂದಿದ್ದೆ, ಅದೂ ಹಾಗೇ ಸುಮ್ನೆ ಕೂತಿತು. ಹಳೇದನ್ನ ಪಕ್ಕದ ಅಂಗಡಿಯ ಸಿಸ್ಟಮ್‌ಗೆ ಹಾಕಿದರೆ ಚೆನ್ನಾಗಿ ಓಡಿತು.

ಆಮೇಲೆ ಸಮಾಧಾನವಾಗಿ ಕೂತು ನೋಡಿದೆ. ಪವರ್ ಬಟನ್ ಒತ್ತಿದ ಕೂಡಲೇ ಕೀಬೋರ್ಡ್ ಬಲಮೂಲೆಯ ಮೂರು ಲೈಟೂ ಒಂದು ಸಲ ಮಿಂಚಿ ಆರಿಹೋಗುತ್ತಿತ್ತು. ಅಂದ್ರೆ ಕರೆಂಟ್ ಹೋಗುತ್ತಿದೆ, ವೈರು ಸರಿಯಿದೆ, ಆದರೆ ಒತ್ತಿದ ಕೀಯನ್ನು ಕೇಳಿಸಿಕೊಳ್ಳುವವರು ಆ ಕಡೆ ಯಾರೂ ಇಲ್ಲ. ಯುಎಸ್‌ಬಿ ಕೀಬೋರ್ಡ್ ಅನ್ನು ವಿಂಡೋಸ್ ಬಂದ ಮೇಲೆ ಅದರ ಡ್ರೈವರ್ ನೋಡಿಕೊಳ್ಳುತ್ತದೆ. ಅದಕ್ಕೂ ಮುಂಚೆ ನೋಡಿಕೊಳ್ಳಬೇಕಾದ್ದು ಬಯೋಸ್, ಅಂದ್ರೆ ಆನ್ ಮಾಡಿದ ಕೂಡಲೇ ಮದರ್‌ಬೋರ್ಡಿನಲ್ಲೇ ಓಡುವ ಪುಟ್ಟ ಪ್ರೋಗ್ರಾಮ್. ಅದರೊಳಗೆ ಯುಎಸ್‌ಬಿ ಲೆಗಸಿ ಸಪೋರ್ಟ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಅದು ಆಫ್ ಆಗಿದ್ದರೆ ಎಷ್ಟು ಹೊಸ ಕೀಬೋರ್ಡ್ ತಂದರೂ ಪ್ರಯೋಜನವಿಲ್ಲ.

ಆದರೆ ಆ ಸೆಟ್ಟಿಂಗ್ ಆನ್ ಮಾಡುವುದಕ್ಕೂ ಕೀಬೋರ್ಡ್ ಬೇಕಲ್ವಾ? ಅಟ್ಟದ ಮೇಲೆ ಹಳೇ ಪಿಎಸ್/2 ಕೀಬೋರ್ಡ್ ಇತ್ತು, ನೇರಳೆ ಬಣ್ಣದ ದುಂಡನೆ ಪಿನ್ನಿನದು. ಐಬಿಎಂ 1987ರಲ್ಲಿ ತಂದ ಆ ಪಿನ್ ನಮ್ಮ ಮದರ್‌ಬೋರ್ಡಿನಲ್ಲಿ ಇನ್ನೂ ಇದೆ, ಅದಕ್ಕೆ ಯುಎಸ್‌ಬಿ ಹಂಗಿಲ್ಲ. ಇದನ್ನು ಸಿಸ್ಟಮ್ ಪೂರ್ತಿ ಆಫ್ ಮಾಡಿಯೇ ಸಿಕ್ಕಿಸಬೇಕು. ಓಡುತ್ತಿರುವಾಗ ಸಿಕ್ಕಿಸಿದರೆ ಸಾಮಾನ್ಯವಾಗಿ ಗುರುತೇ ಹಿಡಿಯುವುದಿಲ್ಲ, ಬೋರ್ಡಿಗೂ ಒಳ್ಳೆಯದಲ್ಲ. ಆನ್ ಮಾಡಿ ಡಿಲೀಟ್ ಕೀ ಒತ್ತಿದೆ, ಬಯೋಸ್ ತೆರೆಯಿತು. ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು. ಎಷ್ಟೋ ವರ್ಷ ಹಿಂದಿನದು.

ಆಗ ಎಲ್ಲಾ ಅರ್ಥವಾಯಿತು. ಹಿಂದಿನ ವಾರ ಪೂರ್ತಿ ಬೆಳಿಗ್ಗೆ ಬೆಳಿಗ್ಗೆ ಟೈಮ್ ಹಿಂದೆ ಬಿದ್ದಿರುತ್ತಿತ್ತು, ಪಹಣಿ ಸೈಟ್ ತೆರೆಯದೆ 'ನಿಮ್ಮ ಗಡಿಯಾರ ಹಿಂದಿದೆ' ಅಂತ ಬ್ರೌಸರ್ ಹೇಳುತ್ತಿತ್ತು, ನಾನು ಟೈಮ್ ಸರಿಮಾಡಿ ಕೆಲಸಕ್ಕೆ ಕೂರುತ್ತಿದ್ದೆ. ಬೋರ್ಡ್ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸಾಯುತ್ತಿದೆ ಅಂತ ಅದು ವಾರದಿಂದ ಹೇಳುತ್ತಲೇ ಇತ್ತು. ಬ್ಯಾಟರಿ ಸತ್ತಾಗ ಬಯೋಸ್ ಸೆಟ್ಟಿಂಗ್ ಎಲ್ಲಾ ಅಳಿಸಿಹೋಗಿ ಫ್ಯಾಕ್ಟರಿಯಿಂದ ಬಂದಂತೆ ಆಗಿತ್ತು. ಆ ಸಿಮಾಸ್ ಎರರ್ ಹೇಳುತ್ತಿದ್ದದ್ದೂ ಇದನ್ನೇ. ಈ ಬೋರ್ಡಿನಲ್ಲಿ ಲೆಗಸಿ ಸಪೋರ್ಟ್ ಮೊದಲಿಂದ ಆಫ್.

ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ, 3 ವೋಲ್ಟಿನದು. ಹಳೇದನ್ನು ಮೀಟರ್‌ನಲ್ಲಿ ಹಿಡಿದರೆ 2.1 ತೋರಿಸಿತು. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಪಕ್ಕದ ಚಿಕ್ಕ ಕ್ಲಿಪ್ಪನ್ನು ಉಗುರಿನಿಂದ ತಳ್ಳಿದರೆ ಬ್ಯಾಟರಿ ತಾನೇ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಬೇಕು. ತಾರೀಖು ಹಾಕಿದೆ, ಯುಎಸ್‌ಬಿ ಲೆಗಸಿ ಆನ್ ಮಾಡಿದೆ, ಎಫ್10 ಒತ್ತಿ ಸೇವ್ ಮಾಡಿದೆ. ಕೀಬೋರ್ಡ್ ಬಂತು, ಆದರೆ ವಿಂಡೋಸ್ ನೀಲಿ ಪರದೆಗೆ ಬಿತ್ತು! ಹಾರ್ಡ್ ಡಿಸ್ಕಿನ ಸಾಟಾ ಮೋಡ್, ಅಂದ್ರೆ ಡಿಸ್ಕಿನ ಜೊತೆ ಬೋರ್ಡ್ ಮಾತಾಡುವ ರೀತಿ, ಅದೂ ಕೂಡ ಎಎಚ್‌ಸಿಐನಿಂದ ಐಡಿಇಗೆ ಹೋಗಿಬಿಟ್ಟಿತ್ತು. ವಾಪಸ್ ಹಾಕಿದ ಮೇಲೆ ಸರಿಯಾಯಿತು. ಅದಕ್ಕೇ ಹೇಳುತ್ತೇನೆ, ಸಿಸ್ಟಮ್ ಚೆನ್ನಾಗಿರುವಾಗಲೇ ಬಯೋಸ್‌ನ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ವೋಲ್ಟೇಜ್ ಏರುಪೇರಿಗೆ ಹೆದರಿ ನಾನು ದಿನಾ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡುತ್ತೇನೆ. ಗೋಡೆಯಲ್ಲಿ ಕರೆಂಟ್ ಇದ್ದಿದ್ದರೆ ಗಡಿಯಾರ ಅದರಿಂದಲೇ ನಡೆಯುತ್ತಿತ್ತು. ಇಲ್ಲದಾಗ ಪೂರ್ತಿ ಭಾರ ಆ ಬ್ಯಾಟರಿ ಮೇಲೆ. ಈಗಲೂ ಆಫ್ ಮಾಡುತ್ತೇನೆ, ಬ್ಯಾಟರಿಗಿಂತ ಬೋರ್ಡ್ ದುಬಾರಿ.

ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಚಿಕ್ಕಪ್ಪನ ಮಗನದು ಇದರ ಉಲ್ಟಾ. ಬಯೋಸ್‌ನಲ್ಲಿ ಕೀಬೋರ್ಡ್ ಚೆನ್ನಾಗಿ ನಡೆಯುತ್ತದೆ, ವಿಂಡೋಸ್ 10 ಪಾಸ್‌ವರ್ಡ್ ಕೇಳುವ ಜಾಗದಲ್ಲಿ ನಿಂತುಬಿಡುತ್ತದೆ. ರೀಸ್ಟಾರ್ಟ್ ಕೊಟ್ಟರೆ ಸರಿ, ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಇಲ್ಲ. ಇದು ಬಯೋಸ್ ದಾಟಿದ ಮೇಲಿನ ತೊಂದರೆ, ಅಂದ್ರೆ ವಿಂಡೋಸಿನದೇ. ಪರದೆಯ ಬಲಕೆಳಗಿನ ಗುರುತು ಒತ್ತಿ, ಆನ್‌ಸ್ಕ್ರೀನ್ ಕೀಬೋರ್ಡ್‌ನಲ್ಲಿ ಮೌಸಿನಿಂದಲೇ ಪಾಸ್‌ವರ್ಡ್ ಹಾಕಿಸಿದೆ. ಪವರ್ ಆಪ್ಷನ್ಸ್‌ಗೆ ಹೋಗಿ, ಶಟ್‌ಡೌನ್ ಕೊಟ್ಟರೂ ವಿಂಡೋಸನ್ನು ಪೂರ್ತಿ ಆರಿಸದೆ ಮುಂದಿನ ಸಲ ಬೇಗ ತೆರೆಯುವ ಫಾಸ್ಟ್ ಸ್ಟಾರ್ಟ್ಅಪ್ ತೆಗೆಸಿದೆ. ಮತ್ತೆ ಆ ತೊಂದರೆ ಬಂದಿಲ್ಲ. ಯಾರಾದರೂ ಕೀಬೋರ್ಡ್ ಕೆಟ್ಟಿದೆ ಅಂತ ಫೋನ್ ಮಾಡಿದರೆ ಈಗ ನಾನು ಮೊದಲು ಕೇಳುವುದು ಇದನ್ನೇ: ವಿಂಡೋಸ್ ಬರುವ ಮುಂಚೆ ನಿಂತಿತಾ, ಬಂದ ಮೇಲಾ? ಎರಡನೇ ಪ್ರಶ್ನೆ, ಟೈಮ್ ಎಷ್ಟು ತೋರಿಸುತ್ತಿದೆ?

ಅಟ್ಟದ ಕೀಬೋರ್ಡ್ ಈಗ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಕ್ಯಾಬಿನೆಟ್ ಬಾಗಿಲ ಒಳಗಡೆ ಬ್ಯಾಟರಿ ಹಾಕಿದ ತಿಂಗಳು, ವರ್ಷ ಮಾರ್ಕರ್‌ನಲ್ಲಿ ಬರೆದಿದ್ದೇನೆ.