ಕಾಲ್ ಮಾಡುವುದೋ, ಎಲೆ ಕೆಳಗಿಡುವುದೋ? ಪೋಕರ್‌ನ ಪಾಟ್ ಆಡ್ಸ್ ಲೆಕ್ಕ ಹೀಗೆ

ದೀಪಾವಳಿಗೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರೆ ಇಸ್ಪೀಟು ಗ್ಯಾರಂಟಿ. ಮೊದಲೆಲ್ಲ ರಮ್ಮಿ ನಡೆಯುತ್ತಿತ್ತು. ನಾಲ್ಕೈದು ವರ್ಷದಿಂದ ಹುಡುಗರ ಕಾಟಕ್ಕೆ ಟೆಕ್ಸಸ್ ಹೋಲ್ಡೆಮ್ ಪೋಕರ್ ಬಂದಿದೆ. ದುಡ್ಡಿಲ್ಲ, ಹುಣಸೆ ಬೀಜ. ತಲೆಗೆ 200. ಒಂದು ಗಂಟೆಯೊಳಗೆ ನಮ್ಮ ಭಾವನ ಮುಂದೆ ಬೀಜ ಖಾಲಿ. ಕಾರಣ ಪ್ರತಿ ವರ್ಷವೂ ಒಂದೇ. ನಾಲ್ಕು ಆಟಿನ್ ಸೇರಿದರೆ ಸಾಕು, ಐದನೆಯದು ಬಂದೇ ಬರುತ್ತೆ ಅಂತ ಎದುರಿನವರು ಎಷ್ಟು ಹಾಕಿದರೂ ಕಾಲ್ ಮಾಡುತ್ತಾರೆ, ಅಂದರೆ ತಾವೂ ಅಷ್ಟೇ ಹಾಕಿ ಆಟದಲ್ಲಿ ಉಳಿಯುತ್ತಾರೆ. ‘ಮೂವತ್ತೈದು ಪರ್ಸೆಂಟ್ ಚಾನ್ಸ್ ಇದೆ ಕಣೋ’ ಅನ್ನುವ ವಾದ ಬೇರೆ. ಆ ಮೂವತ್ತೈದು ಸುಳ್ಳಲ್ಲ. ಆದರೆ ಅವರು ಕೊಟ್ಟ ಬೆಲೆಗೆ ಅಷ್ಟು ಸಿಗುವುದಿಲ್ಲ.

ಆಟದ ನಿಯಮ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಕೈಯಲ್ಲಿ ಎರಡು ಎಲೆ. ಮೇಜಿನ ಮೇಲೆ ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್).

ಹೆಜ್ಜೆ 1: ಪಾಟ್ ಎಣಿಸಿ

ನಡುವೆ 60 ಬೀಜ ಇದೆ, ಇದೇ ಪಾಟ್. ಎದುರಿನವರು 30 ಹಾಕಿದರು. ನೀವು ಆಟದಲ್ಲಿ ಉಳಿಯಬೇಕಾದರೆ 30 ಕೊಡಬೇಕು. ಮೂರನ್ನೂ ಕೂಡಿಸಿ: 60, ಅವರ 30, ನಿಮ್ಮ 30. ಒಟ್ಟು 120. ನಿಮ್ಮ 30 ಅದರಲ್ಲಿ ಕಾಲು ಭಾಗ, ಅಂದರೆ ಶೇ 25. ಪಾಟ್ ಆಡ್ಸ್ ಅಂದರೆ ಇದೇ. ನೂರು ಸಲ ಇದೇ ಸಂದರ್ಭ ಬಂದರೆ ಕನಿಷ್ಠ 25 ಸಲ ಗೆಲ್ಲಬೇಕು. ಇಲ್ಲದಿದ್ದರೆ ನಷ್ಟ.

ತಮ್ಮ 30 ಕೂಡಿಸುವುದನ್ನೇ ಮರೆಯುವವರು ಬಹಳ. ಆಗ 90ರಲ್ಲಿ 30 ಅಂತ ಲೆಕ್ಕ ಹಾಕಿ ಶೇ 33 ಅನ್ನುತ್ತಾರೆ, ಕಾಲ್ ಮಾಡಬೇಕಾದ ಕಡೆ ಎಲೆ ಕೆಳಗಿಡುತ್ತಾರೆ. ನಡುವೆ ಇರುವ 90ಕ್ಕೆ ನಿಮ್ಮ 30 ಅನ್ನುವುದನ್ನು ‘ಮೂರಕ್ಕೆ ಒಂದು’ ಅಂತ ಹೇಳುವ ಪದ್ಧತಿಯೂ ಇದೆ. ನನಗೆ ಅದು ಇಷ್ಟವಿಲ್ಲ. ಮೂರಕ್ಕೆ ಒಂದು ಅಂದ ಕೂಡಲೇ ಅರ್ಧ ಜನ ಮೂರರಲ್ಲಿ ಒಂದು ಅಂದುಕೊಳ್ಳುತ್ತಾರೆ. ಪರ್ಸೆಂಟ್‌ನಲ್ಲೇ ಇರಿ. ಮೂರು ಅಂಕಿ ಬಾಯಿಪಾಠ ಮಾಡಿಕೊಂಡರೆ ಸಾಕು: ಎದುರಿನವರು ಪಾಟ್‌ನ ಮೂರನೇ ಒಂದು ಭಾಗ ಹಾಕಿದರೆ 20, ಅರ್ಧ ಹಾಕಿದರೆ 25, ಪಾಟ್‌ನಷ್ಟೇ ಹಾಕಿದರೆ 33.

ಹೆಜ್ಜೆ 2: ನಿಮಗೆ ಬೇಕಾದ ಎಲೆ ಎಷ್ಟಿವೆ?

ಇವಕ್ಕೆ ಔಟ್ಸ್ ಅನ್ನುತ್ತಾರೆ. ಕೈಯಲ್ಲಿ ಆಟಿನ್ ರಾಜ, ಆಟಿನ್ 9. ಫ್ಲಾಪ್‌ನಲ್ಲಿ ಆಟಿನ್ 4, ಆಟಿನ್ ಗುಲಾಮ, ಇಸ್ಪೀಟ್ 7. ಕಟ್ಟಿನಲ್ಲಿ 13 ಆಟಿನ್, ನಾಲ್ಕು ಕಣ್ಣಿಗೆ ಬಿದ್ದಿವೆ. ಉಳಿದದ್ದು 9.

ಒಂಬತ್ತೂ ಒಳ್ಳೆಯವೇ ಅಂತಲ್ಲ. ಆಟಿನ್ 7 ಬಂದರೆ ಮೇಜಿನ ಮೇಲೆ ಎರಡು 7 ಆಗುತ್ತವೆ. ಎದುರಿನವರ ಕೈಯಲ್ಲಿ ಜೋಡಿ ಗುಲಾಮ ಇದ್ದರೆ ಅವರದ್ದು ಫುಲ್ ಹೌಸ್ (ಮೂರು ಗುಲಾಮ, ಎರಡು 7), ನಿಮ್ಮ ಫ್ಲಶ್ (ಐದು ಆಟಿನ್) ಗೋವಿಂದ. ಅವರು ಜೋರಾಗಿ ಆಡುತ್ತಿದ್ದರೆ ನಾನು ಎಂಟೇ ಅಂತ ಹಿಡಿಯುತ್ತೇನೆ. ಒಂದೇ ಎಲೆಯನ್ನು ಎರಡು ಸಲ ಎಣಿಸುವುದು ಇನ್ನೊಂದು ತಪ್ಪು. ಆಟಿನ್ 9, 10 ಕೈಯಲ್ಲಿದ್ದು ಮೇಜಿನ ಮೇಲೆ ಆಟಿನ್ 8, ಆಟಿನ್ ಗುಲಾಮ, ಇಸ್ಪೀಟ್ 2 ಇದ್ದರೆ ಫ್ಲಶ್‌ಗೆ 9, ಸ್ಟ್ರೇಟ್‌ಗೆ (ಸಾಲಾಗಿ ಐದು ಎಲೆ) 8. ಕೂಡಿದರೆ 17 ಅಲ್ಲ, 15. ಆಟಿನ್ 7 ಮತ್ತು ಆಟಿನ್ ರಾಣಿ ಎರಡೂ ಪಟ್ಟಿಯಲ್ಲಿವೆ.

ಹೆಜ್ಜೆ 3: ಎರಡರಿಂದ ಗುಣಿಸುವುದೋ, ನಾಲ್ಕರಿಂದಲೋ?

ಭಾವ ಮುಗ್ಗರಿಸುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಸುಲಭದ ಸೂತ್ರ ಇದು: ಮುಂದಿನ ಒಂದು ಎಲೆಗೆ ಔಟ್ಸ್ ಅನ್ನು 2ರಿಂದ ಗುಣಿಸಿ. ಟರ್ನ್, ರಿವರ್ ಎರಡಕ್ಕೂ ಸೇರಿಸಿ ಬೇಕಾದರೆ 4ರಿಂದ. ಒಂಬತ್ತು ಔಟ್ಸ್‌ಗೆ 18 ಮತ್ತು 36. ನಿಖರವಾಗಿ ಹೇಳಬೇಕೆಂದರೆ 47 ಕಾಣದ ಎಲೆಗಳಲ್ಲಿ 9, ಅಂದರೆ ಸುಮಾರು 19. ಎರಡೂ ಎಲೆ ಸೇರಿದರೆ 35. ಮೇಜಿನ ಮುಂದೆ ಅಷ್ಟು ನಿಖರತೆ ಬೇಡ. ಔಟ್ಸ್ ತುಂಬಾ ಇದ್ದಾಗ ಮಾತ್ರ ನಾಲ್ಕರ ಸೂತ್ರ ಉಬ್ಬಿಸುತ್ತದೆ. 15 ಔಟ್ಸ್‌ಗೆ ಅದು 60 ಅನ್ನುತ್ತದೆ, ನಿಜ 54.

ಈಗ ಪ್ರಶ್ನೆ. ಫ್ಲಾಪ್‌ನಲ್ಲಿ 30 ಕೊಟ್ಟರೆ ನಿಮಗೆ ಎಷ್ಟು ಎಲೆ ನೋಡಲು ಸಿಗುತ್ತದೆ? ಒಂದೇ, ಟರ್ನ್. ಅಲ್ಲಿ ಆಟಿನ್ ಬರಲಿಲ್ಲ ಅನ್ನಿ. ಎದುರಿನವರು ಮತ್ತೆ ಹಾಕುತ್ತಾರೆ. ರಿವರ್ ನೋಡಬೇಕಾದರೆ ಮತ್ತೆ ಕೊಡಬೇಕು. ಒಂದು ಟಿಕೆಟ್ ಕೊಂಡು ಎರಡು ಆಟ ನೋಡುತ್ತೇನೆ ಅಂದರೆ ಬಾಗಿಲಲ್ಲಿ ಬಿಡುತ್ತಾರಾ? ಹಾಗಾಗಿ ನಿಮ್ಮ ಅಂಕಿ 19. ಬೇಕಾದದ್ದು 25. ಎಲೆ ಕೆಳಗಿಡಿ.

ಅದೇ ಎಲೆ, ಅದೇ 60, ಅದೇ 30. ಆದರೆ ಆ 30 ಎದುರಿನವರ ಕೊನೆಯ ಬೀಜಗಳು, ಅವರು ಆಲ್ ಇನ್ ಆಗಿದ್ದಾರೆ, ಆಟದಲ್ಲಿ ಇರುವುದು ನೀವಿಬ್ಬರೇ ಅನ್ನಿ. ಆಗ ಮುಂದೆ ಯಾರೂ ಏನೂ ಕೇಳುವುದಿಲ್ಲ, ಎರಡೂ ಎಲೆ ನಿಮ್ಮದೇ. ಈಗ 35 ಲೆಕ್ಕಕ್ಕೆ ಬರುತ್ತದೆ. ಬೇಕಾದದ್ದು 25. ಯೋಚಿಸದೆ ಕಾಲ್ ಮಾಡಿ. ಇನ್ನು ಆಲ್ ಇನ್ ಇಲ್ಲದೆ ಅವರು ಬರೀ 15 ಹಾಕಿದ್ದರೆ? 90ರಲ್ಲಿ 15, ಶೇ 17ಕ್ಕೂ ಕಮ್ಮಿ. ನಿಮ್ಮ 19 ಸಾಕು, ಕೊಡಿ.

ಮೊಬೈಲ್‌ನಲ್ಲಿ ಈ ಲೆಕ್ಕ ತೋರಿಸುವ ಆ್ಯಪ್‌ಗಳಿವೆ. ಬೇಡ. ನಾನು ನೋಡಿದವು ರಿವರ್‌ವರೆಗಿನ ದೊಡ್ಡ ಅಂಕಿಯನ್ನೇ ಕಣ್ಣಿಗೆ ರಾಚುವಂತೆ ತೋರಿಸುತ್ತವೆ, ಭಾವನ ತಪ್ಪನ್ನೇ ಕಲಿಸುತ್ತವೆ. ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡಿ ಕಲಿಯುತ್ತೇನೆ ಅನ್ನುವವರಿಗೆ: 2025ರ ಕೇಂದ್ರ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ. ಹುಣಸೆ ಬೀಜ ಸಾಕು. ಹಗುರ ಪ್ಲಾಸ್ಟಿಕ್ ಚಿಪ್‌ಗಿಂತ ಅದೇ ವಾಸಿ, ಫ್ಯಾನ್ ಗಾಳಿಗೆ ಸರಿಯುವುದಿಲ್ಲ. ಹತ್ತತ್ತರ ಗುಡ್ಡೆ ಮಾಡಿಡಿ, ಪಾಟ್ ಎಣಿಸುವುದು ಸಲೀಸು.

ಹೆಜ್ಜೆ 4: ಎದುರಿಗೆ ಯಾರು ಕೂತಿದ್ದಾರೆ?

ಶೇ 19 ಇದ್ದು 25 ಬೇಕಾದಾಗಲೂ ಒಮ್ಮೊಮ್ಮೆ ಕಾಲ್ ಮಾಡಬಹುದು. ಆಟಿನ್ ಬಂದ ಮೇಲೆ ಎದುರಿನವರು ಇನ್ನಷ್ಟು ಕೊಡುತ್ತಾರೆ ಅನ್ನುವ ನಂಬಿಕೆ ಇದ್ದರೆ. ಇದಕ್ಕೆ ಇಂಪ್ಲೈಡ್ ಆಡ್ಸ್ ಅನ್ನುತ್ತಾರೆ. ನಂಬಿಕೆಗೂ ಲೆಕ್ಕ ಇದೆ. ಟರ್ನ್‌ನಲ್ಲಿ 38 ಎಲೆ ನಿಮಗೆ ಬೇಡದವು, 9 ಬೇಕಾದವು. 30 ಕೊಟ್ಟದ್ದು ಸರಿದೂಗಬೇಕಾದರೆ ಗೆದ್ದಾಗ ಸುಮಾರು 127 ಸಿಗಬೇಕು. ಮೇಜಿನ ಮೇಲೆ ಇರುವುದು 90. ಇನ್ನೂ 37 ಬೀಜ ಅವರ ಕೈಯಿಂದ ಬರಬೇಕು, ಕನಿಷ್ಠ.

ನಮ್ಮ ಭಾವನಾದರೆ ಕೊಡುತ್ತಾರೆ, ನಗುನಗುತ್ತಾ ಕೊಡುತ್ತಾರೆ. ಚಿಕ್ಕಮ್ಮ ಮೂರನೇ ಆಟಿನ್ ಕಂಡ ಕೂಡಲೇ ಎಲೆ ಕೆಳಗಿಟ್ಟು ಚಕ್ಕುಲಿ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಾರೆ. ಅವರೆದುರು ನಾನು ಆ 30 ಕೊಡುವುದಿಲ್ಲ.