ಜೆಂಬ್ರದ ಎಲೆಯ ಮುಂದೆ ಇನ್ಸುಲಿನ್ ಲೆಕ್ಕ

ಆಮಂತ್ರಣ ಪತ್ರಿಕೆಯಲ್ಲಿ ‘ಮಧ್ಯಾಹ್ನ 12.30ಕ್ಕೆ ಭೋಜನ’ ಎಂದು ಅಚ್ಚಾಗಿರುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಜೆಂಬ್ರಗಳಿಗೆ, ಅಂದರೆ ಪೂಜೆ, ಮದುವೆಯಂಥ ಸಮಾರಂಭಗಳಿಗೆ, ಹೋಗಿ ಅಭ್ಯಾಸವಿದ್ದವರು ಅದನ್ನು ಒಂದೂಮುಕ್ಕಾಲು ಎಂದು ಓದಿಕೊಳ್ಳುತ್ತಾರೆ. ಪೂರ್ಣಾಹುತಿ ತಡವಾದರೆ ಎರಡೂವರೆ. ಉಳಿದವರಿಗೆ ಇದು ಬರೀ ಹಸಿವಿನ ವಿಚಾರ, ಚಪ್ಪರದಡಿ ಕುಳಿತು ಅಡಕೆ ಧಾರಣೆ ಮಾತಾಡಿದರೆ ಹೊತ್ತು ಹೋಗುತ್ತದೆ. ಟೈಪ್ 1 ಮಧುಮೇಹ ಇರುವ ನಮಗೆ ಹಾಗಲ್ಲ. ಹನ್ನೆರಡೂವರೆಯನ್ನು ನಂಬಿ ಚುಚ್ಚಿಕೊಂಡ ಇನ್ಸುಲಿನ್ ಪೂರ್ಣಾಹುತಿಗಾಗಿ ಕಾಯುವುದಿಲ್ಲ.

ನನಗೆ ಈ ಕಾಯಿಲೆ ಇರುವುದು ಗೊತ್ತಾದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ದೊಡ್ಡವರಿಗೆ ಬರುವುದೆಲ್ಲ ಟೈಪ್ 2 ಎಂಬ ನಂಬಿಕೆಯಿಂದ ಮೊದಲು ನೋಡಿದ ವೈದ್ಯರು ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಪಂಚೆ ನಿಲ್ಲದಷ್ಟು ಸೊರಗಿದೆ. ಮತ್ತೊಬ್ಬರು ಸಿ-ಪೆಪ್ಟೈಡ್ ಮತ್ತು ಗ್ಯಾಡ್ ಪ್ರತಿಕಾಯದ ಪರೀಕ್ಷೆ ಮಾಡಿಸಿದ ಮೇಲೆ ನಿಜ ತಿಳಿಯಿತು: ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನನ್ನದೇ ರೋಗನಿರೋಧಕ ವ್ಯವಸ್ಥೆ ಕೊಂದುಹಾಕಿದೆ, ಒಳಗೆ ಇನ್ಸುಲಿನ್ ಹುಟ್ಟುತ್ತಿಲ್ಲ, ಹೊರಗಿನಿಂದಲೇ ಕೊಡಬೇಕು. ಆಗಿನಿಂದ ಕಲಿತದ್ದನ್ನು ಒಂದು ಜೆಂಬ್ರದ ದಿನವನ್ನೇ ಹಿಡಿದು ಹೇಳುತ್ತೇನೆ. ಜೆಂಬ್ರವನ್ನು ನಿಭಾಯಿಸಿದವರಿಗೆ ಉಳಿದ ದಿನಗಳು ಸಲೀಸು. ಇಲ್ಲಿ ಬರುವ ಇನ್ಸುಲಿನ್ ಪ್ರಮಾಣಗಳು ನನ್ನ ದೇಹದವು. ನಿಮ್ಮವನ್ನು ನಿಮ್ಮ ವೈದ್ಯರ ಜೊತೆ ಕುಳಿತೇ ನಿಗದಿ ಮಾಡಿಕೊಳ್ಳಬೇಕು.

ಹಿಂದಿನ ಸಂಜೆ: ಚೀಲ

ಗ್ಲೂಕೋಮೀಟರ್, ಪಟ್ಟಿಗಳು, ಊಟದ ಇನ್ಸುಲಿನ್ ಪೆನ್, ಎರಡು ಹೆಚ್ಚುವರಿ ಸೂಜಿ. ಇವು ಎಲ್ಲರೂ ಇಟ್ಟುಕೊಳ್ಳುವಂಥವು. ನನ್ನ ಚೀಲದ ನಿಜವಾದ ಯಜಮಾನ ಸಕ್ಕರೆ. ಅಡುಗೆಮನೆಯ ತಕ್ಕಡಿಯಲ್ಲಿ ಹದಿನೈದು ಗ್ರಾಂ ಗ್ಲೂಕೋಸ್ ಪುಡಿ ತೂಗಿ, ಹಿಂದೆ ಅಂಗಡಿಯಲ್ಲಿ ಜೀರಿಗೆ ಕಟ್ಟಿಕೊಡುತ್ತಿದ್ದ ಹಾಗೆ ಪೊಟ್ಟಣ ಕಟ್ಟುತ್ತೇನೆ. ಒಟ್ಟು ನಾಲ್ಕು ಪೊಟ್ಟಣ: ಎರಡು ಚೀಲದಲ್ಲಿ, ಒಂದು ಅಂಗಿಯ ಕಿಸೆಯಲ್ಲಿ, ಒಂದು ಹೆಂಡತಿಯ ಪರ್ಸಿನಲ್ಲಿ. ಎಲ್ಲವನ್ನೂ ಚೀಲದಲ್ಲಿಟ್ಟು, ಚೀಲವನ್ನು ಯಾರದೋ ಕಾರಿನಲ್ಲಿ ಬಿಟ್ಟು, ಕಾರು ಹೂ ತರಲು ಕುಂಬಳೆಗೆ ಹೋದ ಒಂದು ದಿನ ನನ್ನ ಬದುಕಿನಲ್ಲಿದೆ.

ಪೆನ್ ಕೈಕೊಟ್ಟರೆ ಔಷಧದಂಗಡಿಯಲ್ಲಿ ಸಿರಿಂಜ್ ಕೊಂಡರಾಯಿತು ಎಂದು ಯೋಚಿಸುವವರು ಒಂದು ನಿಮಿಷ ನಿಲ್ಲಿ. ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನೊಳಗಿನದು 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ ಇರುವುದು 40ರ ಸೀಸೆಗೆ. ಅದರಲ್ಲಿ ಪೆನ್ನಿನ ಇನ್ಸುಲಿನ್ ಎಳೆದರೆ ಪ್ರತಿ ಗೆರೆಗೂ ಎರಡೂವರೆ ಪಟ್ಟು ಮದ್ದು ಒಳಗೆ ಹೋಗುತ್ತದೆ. ಎಂಟು ಯೂನಿಟ್ ಅಂದುಕೊಂಡದ್ದು ಇಪ್ಪತ್ತಾಗುತ್ತದೆ. ಆದ್ದರಿಂದ ನಾನು ಹೆಚ್ಚುವರಿ ಪೆನ್ನನ್ನೇ ಒಯ್ಯುತ್ತೇನೆ.

ಬಳಕೆಯಲ್ಲಿರುವ ಪೆನ್ ಕೋಣೆಯ ಉಷ್ಣತೆಯಲ್ಲಿ ಸುಮಾರು 28 ದಿನ ಉಳಿಯುತ್ತದೆ, ಆದರೆ ಆ ಕೋಣೆ 30 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಏಪ್ರಿಲ್‌ನಲ್ಲಿ ನಮ್ಮ ಯಾವ ಕೋಣೆ ಅದರೊಳಗೆ ನಿಲ್ಲುತ್ತದೆ? ಒದ್ದೆ ಬಟ್ಟೆಯಲ್ಲಿ ಸುತ್ತುವುದು, ನೀರು ಹೀರುವ ಚೀಲದಲ್ಲಿಡುವುದು ಒಣ ಹವೆಯ ಊರಿಗೆ ಹೇಳಿ ಮಾಡಿಸಿದ ಉಪಾಯಗಳು. ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದೇ ನಿಧಾನ, ತಂಪು ಅಷ್ಟಕ್ಕಷ್ಟೆ. ಚಿಕ್ಕ ಥರ್ಮೋಸ್ ಬಾಟಲಿಯೊಳಗೆ ತಣ್ಣನೆಯ ನೀರಾಡಿಸಿ ಚೆಲ್ಲಿ, ಒರೆಸಿ, ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿಡುವುದು ನನಗೆ ಒಗ್ಗಿದ ದಾರಿ. ಮಂಜುಗಡ್ಡೆ ನೇರ ತಾಗಬಾರದು; ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಂತೂ ಇಡಲೇಬೇಡಿ.

ಜೊತೆಗೆ ಒಂದು ಚೀಟಿ. ‘ನನಗೆ ಟೈಪ್ 1 ಮಧುಮೇಹ ಇದೆ. ಮಾತು ತೊದಲಿದರೆ ಕುಡಿದಿದ್ದೇನೆ ಎಂದುಕೊಳ್ಳಬೇಡಿ, ಸಕ್ಕರೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.’ ಇದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿದ್ದೇನೆ. ಕಾಸರಗೋಡಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನವರು ಯಾವ ಲಿಪಿ ಓದುತ್ತಾರೆ ಎಂದು ಮೊದಲೇ ಹೇಳಲಾಗದು. ಬಾಯಿಪಾಠಕ್ಕೂ ಎರಡು ಮಾತು ಇಟ್ಟುಕೊಂಡಿದ್ದೇನೆ: ತುಳುವಿನಲ್ಲಿ ‘ಸಕ್ಕರೆ ಕೊರ್ಲೆ’, ಮಲಯಾಳದಲ್ಲಿ ‘ಪಂಚಸಾರ ತರಣಂ’. ಸಕ್ಕರೆ ಇಳಿದಾಗ ಮೊದಲು ಮಂಕಾಗುವುದು ತಲೆ. ಆಗ ಭಾಷಾಂತರ ಮಾಡುತ್ತ ಕೂರಲಾಗುವುದಿಲ್ಲ.

ಬೆಳಗ್ಗೆ

ದಿನಕ್ಕೊಮ್ಮೆ ತೆಗೆದುಕೊಳ್ಳುವ ದೀರ್ಘಾವಧಿ ಇನ್ಸುಲಿನ್ ಎಂದಿನ ಹೊತ್ತಿಗೆ, ಎಂದಿನ ಪ್ರಮಾಣದಲ್ಲಿ. ಉಪವಾಸವಿರಲಿ, ಏಕಾದಶಿಯಿರಲಿ, ವಾಂತಿಯಾಗುತ್ತಿರಲಿ, ಇದನ್ನು ನಿಲ್ಲಿಸುವಂತಿಲ್ಲ. ಊಟ ಮಾಡದಿದ್ದರೂ ಯಕೃತ್ತು ರಕ್ತಕ್ಕೆ ಸಕ್ಕರೆ ಸುರಿಯುತ್ತಲೇ ಇರುತ್ತದೆ. ಇನ್ಸುಲಿನ್ ಪೂರ್ತಿ ಇಲ್ಲವಾದರೆ ದೇಹ ಕೊಬ್ಬನ್ನು ಒಡೆದು ಕೀಟೋನ್ ಎಂಬ ಆಮ್ಲವನ್ನು ತುಂಬಿಸಿಕೊಳ್ಳುತ್ತದೆ. ಹೊಟ್ಟೆನೋವು, ವಾಂತಿ, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬಂದರೆ ಮನೆಯಲ್ಲಿ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆಗೆ ಉಪಾಯವೇ ಇರಲಿಲ್ಲ. ಹಾಗಲಕಾಯಿ ರಸ ಅದಕ್ಕೂ ಮೊದಲೇ ಇತ್ತು ಎಂಬುದನ್ನು ಜೆಂಬ್ರದಲ್ಲಿ ಸಿಗುವ ಹಿರಿಯರಿಗೆ ನಾನು ನಯವಾಗಿಯೇ ಹೇಳುತ್ತೇನೆ.

ತಿಂಡಿಯನ್ನು ಬಿಡಬೇಡಿ. ಮೂರು ನೀರುದೋಸೆ, ಅದಕ್ಕೆ ತಕ್ಕ ಇನ್ಸುಲಿನ್, ಬಸ್ಸು ಹತ್ತುವ ಮೊದಲು ಒಂದು ಪರೀಕ್ಷೆ.

ಅಂಗಳದಲ್ಲಿ

ನಮ್ಮ ಕಡೆ ಮನೆಗೆ ಬಂದವರಿಗೆ ಕಾಲಿಗೆ ನೀರು, ಕುಡಿಯಲು ನೀರು, ಜೊತೆಗೊಂದು ತುಂಡು ಬೆಲ್ಲ. ಬಿಸಿಲಲ್ಲಿ ಗುಡ್ಡ ಇಳಿದು ಬಂದವನಿಗೆ ಏನು ಬೇಕೆಂದು ಈ ಸಂಪ್ರದಾಯ ಮಾಡಿದವರಿಗೆ ಗೊತ್ತಿತ್ತು. ಬಸ್ ನಿಲ್ದಾಣದಿಂದ ಎರಡು ಕಿಲೋಮೀಟರ್ ನಡೆದು ಬಂದು ಪರೀಕ್ಷಿಸಿದರೆ ನನ್ನ ಅಂಕಿ ಎಷ್ಟೋ ಸಲ 70ರ ಆಸುಪಾಸು. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಸಕ್ಕರೆ ಇಳಿದಿದೆ ಎಂದೇ ಲೆಕ್ಕ, 54ಕ್ಕಿಂತ ಕೆಳಗೆ ಅಪಾಯ. ಆಗ ಹದಿನೈದು ಗ್ರಾಂ ಸಕ್ಕರೆ ತಿಂದು, ಹದಿನೈದು ನಿಮಿಷ ಕಾದು, ಮತ್ತೆ ಪರೀಕ್ಷೆ. ಏರದಿದ್ದರೆ ಇನ್ನೊಂದು ಹದಿನೈದು. ಬೆಲ್ಲವೂ ಕೆಲಸ ಮಾಡುತ್ತದೆ, ಆದರೆ ತುಂಡಿನ ತೂಕ ಕಣ್ಣಂದಾಜಿಗೆ ಸಿಗದು, ಅದಕ್ಕೇ ಪೊಟ್ಟಣ. ಬೊಂಡದ ನೀರಿನಲ್ಲಿ (ಎಳನೀರಿನಲ್ಲಿ) ಇರುವ ಸಕ್ಕರೆ ಕಡಿಮೆ, ಕಾಯಿಯಿಂದ ಕಾಯಿಗೆ ವ್ಯತ್ಯಾಸವೂ ಇದೆ. ಚಾಕಲೇಟಿನ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ.

ಬೆಲ್ಲ ಹಿಡಿದ ಬೆರಳನ್ನು ತೊಳೆಯದೆ ಚುಚ್ಚಬೇಡಿ. ಹಲಸಿನ ಸೊಳೆ ಬಿಡಿಸಿದ ಕೈಯಲ್ಲಿ ಪರೀಕ್ಷಿಸಿಕೊಂಡು, ಅಂಕಿ 340 ಕಂಡು ಗಾಬರಿಯಾಗಿ, ಸೋಪು ಹಾಕಿ ತೊಳೆದ ಮೇಲೆ 128 ನೋಡಿದವನು ನಾನು. ಆ 340ನ್ನು ನಂಬಿ ಇನ್ಸುಲಿನ್ ತೆಗೆದುಕೊಂಡಿದ್ದರೆ!

ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಸಿಕೊಂಡವರಿಗೆ ಈ ರಗಳೆ ಕಡಿಮೆ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತದೆ. ನಡೆದು ಬಂದ ತಕ್ಷಣ ಅದು 95 ಎಂದರೂ ಕೈಕಾಲು ನಡುಗುತ್ತಿದ್ದರೆ ಬೆರಳನ್ನೇ ಕೇಳಿ. ಮೇ ತಿಂಗಳ ಬೆವರಿಗೆ ಅಂಟು ಬಿಡುತ್ತದೆ, ಮೇಲೊಂದು ಪಟ್ಟಿ ಇರಲಿ. ಎಚ್ಚರಿಕೆಯ ಗಂಟೆ ಸಂಕಲ್ಪದ ನಡುವೆ ಬಾರಿಸುವುದನ್ನು ತಪ್ಪಿಸಲು ನನಗೆ ಉಪಾಯ ಸಿಕ್ಕಿಲ್ಲ.

ಎಲೆಯ ಮುಂದೆ

ನನ್ನ ನಿಯಮ ಒಂದೇ: ಅನ್ನ ಎಲೆಗೆ ಬೀಳುವವರೆಗೆ ಸೂಜಿ ಇಲ್ಲ. ಕ್ಷಿಪ್ರ ಇನ್ಸುಲಿನ್, ಅಂದರೆ ಬೇಗ ಕೆಲಸ ಶುರುಮಾಡುವ ಊಟದ ಇನ್ಸುಲಿನ್, ಊಟಕ್ಕೆ ಹತ್ತು-ಹದಿನೈದು ನಿಮಿಷ ಮೊದಲು ತೆಗೆದುಕೊಂಡರೆ ಒಳ್ಳೆಯದೆಂಬುದು ಸರಿ, ಮನೆಯಲ್ಲಿ ಹಾಗೇ ಮಾಡುತ್ತೇನೆ. ಇಲ್ಲಿ ‘ಎಲೆ ಹಾಕಿದರು’ ಎಂದು ಕರೆದ ಮೇಲೂ ಅರ್ಧ ಗಂಟೆ ಹೋಗಬಹುದು. ಊಟದ ನಂತರ ಸ್ವಲ್ಪ ಹೊತ್ತು ಸಕ್ಕರೆ ಏರಿದರೆ ತಾಳಿಕೊಳ್ಳಬಹುದು, ಪಂಕ್ತಿಯಲ್ಲಿ ಕುಳಿತು ಕುಸಿದರೆ ತಾಳಲಾಗದು. ಹಳೆಯ ಬಗೆಯ ರೆಗ್ಯುಲರ್ ಇನ್ಸುಲಿನ್ ತೆಗೆದುಕೊಳ್ಳುವವರದು ಇನ್ನೂ ಕಷ್ಟ: ಅದನ್ನು ಅರ್ಧ ಗಂಟೆ ಮೊದಲು ಚುಚ್ಚಬೇಕು, ಪ್ರಭಾವ ಐದರಿಂದ ಎಂಟು ಗಂಟೆ ಇರುತ್ತದೆ. ಅಂಥವರು ಸುದರಿಕೆಯವರಲ್ಲಿ (ಬಡಿಸುವ ಉಸ್ತುವಾರಿ ನೋಡುವವರಲ್ಲಿ) ಹೇಳಿ ಮೊದಲ ಪಂಕ್ತಿಯಲ್ಲೇ ಕುಳಿತುಕೊಳ್ಳಿ. ಸಂಕೋಚ ಬೇಡ, ಮದ್ದಿನ ಹೊತ್ತಾಯಿತು ಎಂದರೆ ನಮ್ಮ ಊರಿನಲ್ಲಿ ಯಾರೂ ಬೇಸರಿಸುವುದಿಲ್ಲ.

ಈಗ ಲೆಕ್ಕ. ಬೆಂದ ಅನ್ನ ನೂರು ಗ್ರಾಂ ಅಂದರೆ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್. ನನ್ನ ಒಂದು ಯೂನಿಟ್ ಇನ್ಸುಲಿನ್ ಹತ್ತು ಗ್ರಾಂ ಕಾರ್ಬೋಹೈಡ್ರೇಟನ್ನು ನಿಭಾಯಿಸುತ್ತದೆ. ಸಾರಿಗೆ, ಸಾಂಬಾರಿಗೆ, ಕೊನೆಗೆ ಮಜ್ಜಿಗೆಗೆ ಎಂದು ಮೂರು ಸಲದ ಅನ್ನ ಸೇರಿ ನನಗೆ ಸುಮಾರು 250 ಗ್ರಾಂ ಆಗುತ್ತದೆ, ಅಂದರೆ 70 ಗ್ರಾಂ ಕಾರ್ಬೋಹೈಡ್ರೇಟ್. ಇದು ಗೊತ್ತಾದದ್ದು ಹೇಗೆಂದರೆ, ಮೂರು ತಿಂಗಳು ಮನೆಯಲ್ಲಿ ಬಾಳೆಲೆಯನ್ನೇ ತಕ್ಕಡಿಯ ಮೇಲಿಟ್ಟು ಬಡಿಸಿಕೊಂಡೆ. ಅಮ್ಮ ನಗುತ್ತಿದ್ದರು. ಈಗ ಕಣ್ಣಿಗೆ ತೂಕ ಬಂದಿದೆ. ಕುಚ್ಚಲಕ್ಕಿಯನ್ನೂ ಹೀಗೆಯೇ ತೂಗಿ ತಿನ್ನಬೇಕು. ‘ಕೆಂಪಕ್ಕಿ ಅಲ್ಲವೇ, ಏನಾಗುವುದಿಲ್ಲ’ ಎಂಬ ಮಾತು ಲೆಕ್ಕಕ್ಕೆ ಹೊರತು.

ಅನ್ನ ಬಿದ್ದೊಡನೆ ಏಳು ಯೂನಿಟ್. ಪೆನ್ನಿನಿಂದ ಮೊದಲು ಎರಡು ಯೂನಿಟ್ ಗಾಳಿಗೆ ಬಿಟ್ಟು ಸೂಜಿಯ ತುದಿಯಲ್ಲಿ ಹನಿ ಕಂಡ ಮೇಲೆ, ಪಂಚೆಯ ಗಂಟಿನ ಮೇಲ್ಗಡೆ ಹೊಟ್ಟೆಗೆ ಚುಚ್ಚಿ, ಹತ್ತು ಎಣಿಸಿ ತೆಗೆಯುತ್ತೇನೆ. ಶಾಲು ಹೊದ್ದಿದ್ದರೆ ಪಕ್ಕದವರಿಗೂ ತಿಳಿಯುವುದಿಲ್ಲ. ದಿನವೂ ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಎಡ, ಬಲ, ತೊಡೆ ಎಂದು ಸರದಿ ಇರಲಿ.

ಪಾಯಸ, ಕಾಯಿ ಹೋಳಿಗೆಗಳ ಇನ್ಸುಲಿನ್ ಅವು ಬಂದಾಗಲೇ. ಒಂದು ಸೌಟು ಪಾಯಸಕ್ಕೆ 25, ಒಂದು ಹೋಳಿಗೆಗೆ 30 ಗ್ರಾಂ ಎಂಬುದು ನನ್ನ ಅಂದಾಜು. ಒಟ್ಟು 55, ಐದೂವರೆ ಯೂನಿಟ್. ಮತ್ತೆ ಬಸ್ಸಿಗೆ ನಡೆಯಲಿಕ್ಕಿರುವುದರಿಂದ ಐದೇ ತೆಗೆದುಕೊಳ್ಳುತ್ತೇನೆ. ಎರಡು ಸಲ ಚುಚ್ಚಿಕೊಳ್ಳುವುದರ ಲಾಭ ಇಷ್ಟೇ: ಪಾಯಸ ನನ್ನ ಸಾಲಿಗೆ ಬರುವಷ್ಟರಲ್ಲಿ ಮುಗಿದರೆ ನಷ್ಟ ನಾಲಗೆಗೆ ಮಾತ್ರ.

‘ಸಕ್ಕರೆ ಕಾಯಿಲೆಯವನಿಗೆ ಪಾಯಸವೇ?’ ಎಂದು ಎದುರು ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಲೆಕ್ಕ ಹಾಕಿ ತಿನ್ನುವ ಒಂದು ಸೌಟಿಗಿಂತ, ಕೇಳಿದವರ ದಾಕ್ಷಿಣ್ಯಕ್ಕೆ ಊಟವನ್ನೇ ಅರ್ಧಕ್ಕೆ ಬಿಟ್ಟು ಏಳುವುದು ಅಪಾಯ. ಅನ್ನದ ಇನ್ಸುಲಿನ್ ಆಗಲೇ ಒಳಗೆ ಹೋಗಿರುತ್ತದೆ.

ಊಟವಾದ ಮೇಲೆ

ಎರಡು ಗಂಟೆಯ ನಂತರದ ಪರೀಕ್ಷೆಯಲ್ಲಿ 210 ಕಂಡರೆ ಕೈ ತಾನಾಗಿ ಪೆನ್ನಿನ ಕಡೆ ಹೋಗುತ್ತದೆ. ತಡೆಯಿರಿ. ಕ್ಷಿಪ್ರ ಇನ್ಸುಲಿನ್ ಮೂರರಿಂದ ಐದು ಗಂಟೆ ಕೆಲಸ ಮಾಡುತ್ತದೆ, ಮೊದಲು ತೆಗೆದುಕೊಂಡದ್ದು ಇನ್ನೂ ಮುಗಿದಿಲ್ಲ. ಅದರ ಮೇಲೆ ಇನ್ನೊಂದು ಹೇರಿದರೆ ಸಂಜೆ ಆರಕ್ಕೆ ಎರಡೂ ಸೇರಿ ಕೆಡವುತ್ತವೆ. ತೆಂಗಿನಕಾಯಿ, ತುಪ್ಪದ ಊಟ ನಿಧಾನಕ್ಕೆ ಏರಿಸುತ್ತದೆ. ನಾಲ್ಕು ಗಂಟೆಯ ಬಳಿಕ ನೋಡಿ, ಆಗಲೂ ಹೆಚ್ಚಿದ್ದರೆ ತಿದ್ದಿಕೊಳ್ಳಿ.

ಬಳಸಿದ ಸೂಜಿಯನ್ನು ಎಲೆಯ ಜೊತೆ ಮಡಚಿ ಬಿಸಾಡುವವರನ್ನು ಕಂಡಿದ್ದೇನೆ. ಆ ಎಲೆಗಳನ್ನು ಯಾರೋ ಕೈಯಲ್ಲೇ ಬಾಚಿ ದನಕ್ಕೋ ಗೊಬ್ಬರದ ಗುಂಡಿಗೋ ಹಾಕುತ್ತಾರೆ. ಸೂಜಿಗೆ ಮುಚ್ಚಳ ಹಾಕಿ ಮನೆಗೆ ತನ್ನಿ, ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ, ತುಂಬಿದ ಮೇಲೆ ನೀವು ಹೋಗುವ ಆಸ್ಪತ್ರೆಯಲ್ಲಿ ಕೇಳಿ ಒಪ್ಪಿಸಿ. ಮನೆಮನೆಗೆ ಬಂದು ಕಸ ಒಯ್ಯುವ ಹರಿತ ಕರ್ಮಸೇನೆಯ ಹೆಂಗಸರಿಗೆ ಕೊಡುವ ಪ್ಲಾಸ್ಟಿಕ್ಕಿನಲ್ಲಿ ಸೇರಿಸಬೇಡಿ.

ರಾತ್ರಿ

ಹಗಲಿಡೀ ಓಡಾಡಿದ, ಚಪ್ಪರ ಬಿಚ್ಚಲು ಕೈಹಾಕಿದ ದಿನ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆ ಹೀರುತ್ತಲೇ ಇರುತ್ತವೆ. ಅಡಕೆ ಕೊಯ್ಲಿನ ದಿನಗಳಲ್ಲೂ ಹಾಗೇ, ಕುಸಿತ ಬರುವುದು ನಡುರಾತ್ರಿ. ಮಲಗುವಾಗ ನೂರಕ್ಕಿಂತ ಕಡಿಮೆ ಇದ್ದರೆ ನಾನು ಸ್ವಲ್ಪ ಗಂಜಿ ಉಂಡು, ಎರಡು ಗಂಟೆಗೆ ಮೊಬೈಲ್ ಅಲಾರಾಂ ಇಟ್ಟು ಮಲಗುತ್ತೇನೆ.

ತಿಂಗಳ ಇನ್ಸುಲಿನ್ ದಾಸ್ತಾನು ನೋಡುವುದೂ ಇಂಥ ರಾತ್ರಿಗಳಲ್ಲೇ. ನಮ್ಮಲ್ಲಿ ಅನೇಕರ ವೈದ್ಯರು ಮಂಗಳೂರಿನಲ್ಲಿದ್ದಾರೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಕೇರಳ-ಕರ್ನಾಟಕ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಐವತ್ತು ಕಿಲೋಮೀಟರ್ ಎಷ್ಟು ದೂರ ಎಂದು ಗೊತ್ತಾಯಿತು. ಟೈಪ್ 1 ಮಧುಮೇಹಿಗಳಿಗೆ ನೆರವಾಗುವ ಕೇರಳ ಸರಕಾರದ ‘ಮಿಠಾಯಿ’ ಯೋಜನೆ ಇರುವುದು ಮಕ್ಕಳು ಮತ್ತು ಹದಿಹರೆಯದವರಿಗೆ. ನನ್ನಂಥ ನರೆತವರು ತಮ್ಮ ದಾಸ್ತಾನನ್ನು ತಾವೇ ನೋಡಿಕೊಳ್ಳಬೇಕು. ಒಂದು ತಿಂಗಳಿಗಾಗುವಷ್ಟು ಹೆಚ್ಚುವರಿ ಇನ್ಸುಲಿನ್ ಫ್ರಿಜ್‌ನಲ್ಲಿ, ಎರಡರಿಂದ ಎಂಟು ಡಿಗ್ರಿಯಲ್ಲಿ, ಫ್ರೀಜರ್‌ನಿಂದ ದೂರ ಇರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದಂತೆ ಮನೆಯವರಿಗೆಲ್ಲ ಹೇಳಿಡಿ.

ಮಲಗುವ ಮೊದಲು ಕೊನೆಯ ಕೆಲಸ: ಚೀಲವನ್ನು ಮಂಚದ ಮೇಲೆ ಸುರಿದು, ಖಾಲಿಯಾದ ಪೊಟ್ಟಣಗಳ ಬದಲು ಹೊಸದು ಕಟ್ಟಿಡುವುದು. ಕಿಸೆಯದನ್ನು ಮರೆಯಬೇಡಿ, ಅಂಗಿ ನಾಳೆ ಒಗೆಯಲು ಹೋಗುತ್ತದೆ.